ಸೋಲನ್ನು ಮಾರಿದವರು: ಇ-ಸ್ಪೋರ್ಟ್ಸ್ ಪಂದ್ಯಗಳ ಮೋಸ ಮತ್ತು ಶಿಸ್ತುಕ್ರಮದ ಚರಿತ್ರೆ



ಕಳೆದ ರಾಜ್ಯೋತ್ಸವದ ದಿನ ಮಧ್ಯಾಹ್ನದ ಊಟ ಮುಗಿದಿತ್ತು, ವೇದಿಕೆಯ ಕಾರ್ಯಕ್ರಮ ಇನ್ನೂ ಆರಂಭವಾಗಿರಲಿಲ್ಲ. ಸಭಾಂಗಣದ ಹಿಂಬದಿಯಲ್ಲಿ ನಮ್ಮ ಸಂಘದ ಐದಾರು ಹುಡುಗರು ಒಂದೇ ಫೋನಿನ ಮೇಲೆ ಬಾಗಿ ಕಂಪ್ಯೂಟರ್ ಆಟವೊಂದರ ಪಂದ್ಯವನ್ನು ನೋಡುತ್ತಿದ್ದರು. ಗೆಲ್ಲುವ ಸ್ಥಿತಿಯಲ್ಲಿದ್ದ ತಂಡ ಇದ್ದಕ್ಕಿದ್ದಂತೆ ಎಡವಿದಾಗ ಎಲ್ಲರೂ ಒಮ್ಮೆಲೇ "ತ್ರೀ ಟೂ ಟೂ!" ಎಂದು ಕೂಗಿ ನಕ್ಕರು. ಪಕ್ಕದಲ್ಲಿ ಕುರ್ಚಿ ಜೋಡಿಸುತ್ತಿದ್ದ ನಾವು ಅದರ ಅರ್ಥವೇನೆಂದು ಕೇಳಿದೆವು. "ದುಡ್ಡು ತಗೊಂಡು ಬೇಕೂಂತ ಸೋತ್ರೆ ಹಾಗಂತಾರೆ, ಅಂಕಲ್" ಎಂದ ಒಬ್ಬ. ಆ ಸಂಖ್ಯೆ ಎಲ್ಲಿಂದ ಬಂತೆಂಬುದು ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ.

ನಮ್ಮ ಪೀಳಿಗೆಯ ತಂದೆತಾಯಿಗಳಿಗೆ ಕ್ರಿಕೆಟ್ಟಿನ ಮ್ಯಾಚ್ ಫಿಕ್ಸಿಂಗ್ ಗೊತ್ತು. 2000ನೇ ಇಸವಿಯಲ್ಲಿ ಹ್ಯಾನ್ಸಿ ಕ್ರೋನಿಯೆ ಪ್ರಕರಣ ಹೊರಬಿದ್ದಾಗ ಆದ ನೋವು ಅನೇಕರಿಗೆ ಇಂದಿಗೂ ನೆನಪಿದೆ. ಆದರೆ ನಮ್ಮ ಮಕ್ಕಳು ನೋಡುವ ಆಟಗಳಿಗೂ ಇಂಥದೇ ಒಂದು ಚರಿತ್ರೆ ಇದೆಯೆಂದು ನಾವು ಭಾವಿಸಿಯೇ ಇರಲಿಲ್ಲ. ಅದನ್ನು ತಿಳಿಯಲು ಹೊರಟಾಗ ಕಂಡದ್ದನ್ನು ಇಲ್ಲಿ ಸದಸ್ಯ ಕುಟುಂಬಗಳ ಮುಂದಿಡುತ್ತಿದ್ದೇವೆ.

ಆಟವೊಂದು ವೃತ್ತಿಯಾದ ದೇಶ

ಕಥೆ ಆರಂಭವಾಗುವುದು ದಕ್ಷಿಣ ಕೊರಿಯಾದಲ್ಲಿ. 1997ರ ಆರ್ಥಿಕ ಬಿಕ್ಕಟ್ಟಿನ ನಂತರ ಆ ದೇಶದಲ್ಲಿ ವೇಗದ ಇಂಟರ್‌ನೆಟ್ ಸಂಪರ್ಕ ಬಹುಬೇಗ ಹರಡಿತು. ಗಂಟೆಯ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆಗೆ ಸಿಗುವ "ಪಿಸಿ ಬಾಂಗ್" ಎಂಬ ಅಂಗಡಿಗಳು ಬೀದಿಬೀದಿಗಳಲ್ಲಿ ತೆರೆದವು. 1998ರಲ್ಲಿ ಅಮೆರಿಕದ ಬ್ಲಿಝಾರ್ಡ್ ಸಂಸ್ಥೆ ಹೊರತಂದ "ಸ್ಟಾರ್‌ಕ್ರಾಫ್ಟ್" ಎಂಬ ಯುದ್ಧತಂತ್ರದ ಆಟ ಈ ಅಂಗಡಿಗಳಲ್ಲಿ ಮನೆಮಾತಾಯಿತು. 2000ದಲ್ಲಿ ಪಂದ್ಯಗಳನ್ನು ಪ್ರಸಾರ ಮಾಡಲೆಂದೇ ಓಜಿಎನ್ ಎಂಬ ಟಿವಿ ವಾಹಿನಿ ಹುಟ್ಟಿತು. ಅದೇ ವರ್ಷ ವೃತ್ತಿಪರ ಆಟಗಾರರ ನೋಂದಣಿ ಮತ್ತು ನಿಯಂತ್ರಣಕ್ಕಾಗಿ ಕೆಸ್ಪಾ ಎಂಬ ಸಂಸ್ಥೆಯೂ ಸ್ಥಾಪನೆಯಾಯಿತು. 2004ರಲ್ಲಿ ಬೂಸಾನ್ ನಗರದ ಗ್ವಾಂಗಲ್ಲಿ ಕಡಲತೀರದಲ್ಲಿ ನಡೆದ ಲೀಗ್ ಫೈನಲ್ ನೋಡಲು ಸುಮಾರು 1 ಲಕ್ಷ ಜನ ಸೇರಿದ್ದರೆಂದು ಅಂದಿನ ವರದಿಗಳು ಹೇಳಿದವು. ದೂರಸಂಪರ್ಕ ಮತ್ತು ಎಲೆಕ್ಟ್ರಾನಿಕ್ಸ್ ಕ್ಷೇತ್ರದ ದೊಡ್ಡ ಕಂಪನಿಗಳೇ ತಂಡಗಳನ್ನು ಸಾಕಿದವು.

ಈ ವೈಭವದ ಹಿಂದಿನ ಬದುಕು ಮಾತ್ರ ಬೇರೆ. ಆಟಗಾರರು ಹದಿಹರೆಯದಲ್ಲೇ ಮನೆ ಬಿಟ್ಟು ತಂಡದ ವಸತಿಗೃಹ ಸೇರುತ್ತಿದ್ದರು. ದಿನಕ್ಕೆ ಹತ್ತು ಗಂಟೆಗೂ ಮಿಕ್ಕಿದ ಅಭ್ಯಾಸ ಸಾಮಾನ್ಯವಾಗಿತ್ತು. ಮೇಲಿನ ಕೆಲವರಿಗೆ ದೊಡ್ಡ ಸಂಬಳ, ಕೆಳಗಿನವರಿಗೆ ಊಟ ಮತ್ತು ವಸತಿಗಿಂತ ಹೆಚ್ಚೇನೂ ಇಲ್ಲ. ಇಪ್ಪತ್ತರ ಮಧ್ಯಭಾಗಕ್ಕೆ ಬರುವ ಹೊತ್ತಿಗೆ ವೃತ್ತಿ ಮುಗಿಯುವ ಭಯ. ಮಣಿಕಟ್ಟಿನ ನೋವು, ನಿದ್ರೆಯ ಕೊರತೆ, ಅರ್ಧಕ್ಕೆ ನಿಂತ ಓದು ಇವು ಆ ವೃತ್ತಿಯ ಸಹಚರರು. ವೈದ್ಯರಾದ ನಮಗೆ ಇದನ್ನು ಓದುವಾಗ ರೋಗ ಕಾಣಿಸಿಕೊಳ್ಳುವ ಮೊದಲೇ ದೇಹದಲ್ಲಿ ಸಿದ್ಧವಾಗುವ ಸ್ಥಿತಿ ನೆನಪಾಯಿತು.

2010: ಮೊದಲ ದೊಡ್ಡ ಪೆಟ್ಟು

2010ರ ಏಪ್ರಿಲ್‌ನಲ್ಲಿ ಆಟಗಾರರು ಹಣ ಪಡೆದು ಸೋಲುತ್ತಿದ್ದಾರೆಂಬ ಗುಸುಗುಸು ಬಹಿರಂಗವಾಯಿತು. ಮೇ ತಿಂಗಳಲ್ಲಿ ಸೋಲ್ ನಗರದ ಸರ್ಕಾರಿ ಅಭಿಯೋಜಕರು ತನಿಖೆಯ ಫಲವನ್ನು ಪ್ರಕಟಿಸಿದರು. ಅಕ್ರಮ ಬೆಟ್ಟಿಂಗ್ ಜಾಲಗಳನ್ನು ನಡೆಸುವವರ ಪರವಾಗಿ ಮಧ್ಯವರ್ತಿಗಳು ಆಟಗಾರರನ್ನು ಸಂಪರ್ಕಿಸುತ್ತಿದ್ದರು. ಸೋಲಬೇಕಾದ ಪಂದ್ಯ ಮೊದಲೇ ನಿಗದಿಯಾಗುತ್ತಿತ್ತು. ಮಧ್ಯವರ್ತಿಗಳಲ್ಲಿ ಆಟಗಾರರೂ ಇದ್ದರೆಂಬುದೇ ಎಲ್ಲಕ್ಕಿಂತ ಹೆಚ್ಚು ಆಘಾತ ತಂದಿತು.

ಆರೋಪಿಗಳ ಪಟ್ಟಿಯಲ್ಲಿದ್ದ ಅತಿದೊಡ್ಡ ಹೆಸರು "ಸೇವಿಯರ್" ಎಂದು ಪ್ರಸಿದ್ಧನಾಗಿದ್ದ ಮಾ ಜೇ-ಯೂನ್. ಮೂರು ಬಾರಿ ಎಂಎಸ್ಎಲ್ ಪ್ರಶಸ್ತಿ, 2007ರ ಫೆಬ್ರವರಿಯಲ್ಲಿ ಓಎಸ್ಎಲ್ ಪ್ರಶಸ್ತಿ ಗೆದ್ದು, ಪ್ರೇಕ್ಷಕರಿಂದ "ಮಾಸ್ಟ್ರೋ" ಎಂಬ ಬಿರುದು ಪಡೆದವನು ಅವನು. ಮರುತಿಂಗಳೇ ಮತ್ತೊಂದು ಫೈನಲ್‌ನಲ್ಲಿ ಕಿರಿಯ ಆಟಗಾರನೊಬ್ಬನ ಮುಂದೆ ಮೂರಕ್ಕೆ ಮೂರೂ ಆಟ ಸೋತ. ಆ ಬಳಿಕ ಅವನ ಪ್ರಭೆ ಕುಂದುತ್ತಲೇ ಹೋಯಿತು. ಪ್ರಕರಣ ಹೊರಬಿದ್ದಾಗ ಅವನಿಗೆ ಇಪ್ಪತ್ತಮೂರೂ ತುಂಬಿರಲಿಲ್ಲವೇನೋ ಎನ್ನುವಷ್ಟು ಎಳೆಯ ವಯಸ್ಸು.

2010ರ ಜೂನ್ 7ರಂದು ಕೆಸ್ಪಾ 11 ಆಟಗಾರರಿಗೆ ಆಜೀವ ನಿಷೇಧ ವಿಧಿಸಿತು. ಅಕ್ಟೋಬರಿನಲ್ಲಿ ನ್ಯಾಯಾಲಯ ಮಾ ಜೇ-ಯೂನ್‌ಗೆ ಒಂದು ವರ್ಷದ ಸೆರೆವಾಸ ವಿಧಿಸಿ, ಅದನ್ನು ಎರಡು ವರ್ಷಗಳ ಕಾಲ ಅಮಾನತಿನಲ್ಲಿರಿಸಿತು. ಜೊತೆಗೆ 120 ಗಂಟೆಗಳ ಸಮುದಾಯ ಸೇವೆಯ ಆದೇಶವೂ ಇತ್ತು. ಇಲ್ಲಿ ಎರಡು ಬಗೆಯ ದಂಡನೆಗಳನ್ನು ಬೇರೆಬೇರೆಯಾಗಿ ಗಮನಿಸಬೇಕು. ರಾಜ್ಯದ ಶಿಕ್ಷೆ ಎರಡು ವರ್ಷಗಳಲ್ಲಿ ಮುಗಿದುಹೋಯಿತು. ಆಟದ ಸಂಸ್ಥೆಯ ಶಿಕ್ಷೆಗೆ ಕೊನೆಯೇ ಇರಲಿಲ್ಲ.

ಆ ಆಟದ ಸುವರ್ಣಯುಗ ಈ ಪ್ರಕರಣವೊಂದರಿಂದಲೇ ಮುಗಿಯಿತೆನ್ನುವುದು ಸರಿಯಲ್ಲ. ಪ್ರಸಾರದ ಹಕ್ಕಿನ ಬಗ್ಗೆ ಬ್ಲಿಝಾರ್ಡ್ ಮತ್ತು ಕೆಸ್ಪಾ ನಡುವೆ ವ್ಯಾಜ್ಯವಿತ್ತು. 2010ರ ಜುಲೈನಲ್ಲಿ ಆಟದ ಎರಡನೆಯ ಆವೃತ್ತಿ ಬಿಡುಗಡೆಯಾಯಿತು. 2012ರ ಆರಂಭದಲ್ಲಿ ಎರಡು ಪ್ರಮುಖ ವಾಹಿನಿಗಳಲ್ಲೊಂದು ಆಟದ ಪ್ರಸಾರವನ್ನೇ ಬಿಟ್ಟು ಸಂಗೀತ ವಾಹಿನಿಯಾಗಿ ಬದಲಾಯಿತು. ಆದರೆ ದುರ್ಬಲಗೊಂಡಿದ್ದ ದೇಹಕ್ಕೆ ಸೋಂಕು ತಗಲಿದಂತೆ ಈ ಹಗರಣ ಬಂದೆರಗಿತೆಂಬುದರಲ್ಲಿ ಸಂದೇಹವಿಲ್ಲ.

ಬಡತನವೊಂದೇ ಕಾರಣವಲ್ಲ

2010ರ ಪ್ರಕರಣಕ್ಕೆ ಅನೇಕರು ಕೊಟ್ಟ ವಿವರಣೆ ಸರಳವಾಗಿತ್ತು: ಸಂಬಳ ಕಡಿಮೆ, ಭವಿಷ್ಯ ಅನಿಶ್ಚಿತ, ಆದ್ದರಿಂದ ಆಮಿಷಕ್ಕೆ ಬಲಿಯಾದರು. ಐದೇ ವರ್ಷಗಳಲ್ಲಿ ಆ ವಿವರಣೆ ಸಾಲದೆಂದು ಗೊತ್ತಾಯಿತು.

2015ರ ಅಕ್ಟೋಬರಿನಲ್ಲಿ ಚಾಂಗ್ವನ್ ನಗರದ ಅಭಿಯೋಜಕರು ಸ್ಟಾರ್‌ಕ್ರಾಫ್ಟ್‌ನ ಎರಡನೆಯ ಆವೃತ್ತಿಯ ಪಂದ್ಯಗಳಲ್ಲಿ ನಡೆದ ಮೋಸವನ್ನು ಬಯಲಿಗೆಳೆದರು. ಈ ಬಾರಿ "ಪ್ರೈಮ್" ಎಂಬ ತಂಡದ ಆಟಗಾರರ ಜೊತೆಗೆ ಅದರ ತರಬೇತುದಾರನೂ ಸಿಕ್ಕಿಬಿದ್ದ. ಕಾಯಬೇಕಾದವನೇ ಮಾರಾಟಕ್ಕೆ ಕುಳಿತಿದ್ದ. ಮಾರನೆಯ ವರ್ಷ ಇನ್ನೂ ದೊಡ್ಡ ಹೆಸರು ಹೊರಬಂತು: "ಲೈಫ್" ಎಂದು ಹೆಸರಾದ ಲೀ ಸೂಂಗ್-ಹ್ಯೂನ್. 2012ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಕೊರಿಯಾದ ಜಿಎಸ್ಎಲ್ ಪ್ರಶಸ್ತಿ ಗೆದ್ದ ಹುಡುಗ ಅವನು. 2014ರಲ್ಲಿ ಅಮೆರಿಕದಲ್ಲಿ ನಡೆದ ವಿಶ್ವ ಫೈನಲ್ ಗೆದ್ದು 1 ಲಕ್ಷ ಡಾಲರ್ ಬಹುಮಾನ ಪಡೆದ. ಅದಾದ ಆರೇ ತಿಂಗಳಲ್ಲಿ, 2015ರ ಮೇ ತಿಂಗಳಲ್ಲಿ, ಎರಡು ಪಂದ್ಯಗಳನ್ನು ಸೋಲಲು 7 ಕೋಟಿ ವನ್ ಪಡೆದನೆಂದು ನ್ಯಾಯಾಲಯದಲ್ಲಿ ಸಾಬೀತಾಯಿತು. 18 ತಿಂಗಳ ಸೆರೆವಾಸ, ಮೂರು ವರ್ಷಗಳ ಅಮಾನತು, 7 ಕೋಟಿ ವನ್ ದಂಡ. ಪಡೆದ ಹಣವಷ್ಟೂ ದಂಡವಾಗಿ ಹೋಯಿತು, ಆಟವೂ ಹೋಯಿತು. ಕೆಸ್ಪಾ ಅವನನ್ನು ಶಾಶ್ವತವಾಗಿ ನಿಷೇಧಿಸಿತು.

ಅವನು ಬಡವನಾಗಿರಲಿಲ್ಲ, ಅಜ್ಞಾತನಾಗಿರಲಿಲ್ಲ. ಹಾಗಾದರೆ ಏಕೆ? ಆಟದ ಸ್ವರೂಪದಲ್ಲೇ ಒಂದು ಉತ್ತರವಿದೆ. ಇದು ಇಬ್ಬರ ನಡುವಿನ ಆಟ. ಫಲಿತಾಂಶ ಬದಲಿಸಲು ಒಬ್ಬ ವ್ಯಕ್ತಿಯ ಒಪ್ಪಿಗೆ ಸಾಕು. ಅರ್ಧ ಸೆಕೆಂಡಿನ ವಿಳಂಬ, ಒಂದು ತಪ್ಪು ಎಣಿಕೆ ಸಾಕು. ನೋಡುವವರಿಗೆ ಅದು "ಇಂದು ಇವನ ದಿನವಲ್ಲ" ಎಂದಷ್ಟೇ ಕಾಣುತ್ತದೆ. ಸಿಕ್ಕಿಬೀಳುವ ಭಯ ಕಡಿಮೆ, ಬಂದವನು ಪರಿಚಿತ, ವಯಸ್ಸು ಹದಿನೆಂಟು. ಈ ಮೂರೂ ಸೇರಿದಾಗ ಸಿರಿವಂತನೂ ಜಾರಬಲ್ಲ.

2016ರ ಅಕ್ಟೋಬರಿನಲ್ಲಿ ಕೆಸ್ಪಾ ತನ್ನ 14 ವರ್ಷಗಳ ಪ್ರೋಲೀಗ್ ಪಂದ್ಯಾವಳಿಯನ್ನು ನಿಲ್ಲಿಸಿತು. ತಂಡಗಳೂ ಆಟಗಾರರೂ ಕಡಿಮೆಯಾದದ್ದು, ಪ್ರಾಯೋಜಕರ ಕೊರತೆ ಮತ್ತು ಮ್ಯಾಚ್ ಫಿಕ್ಸಿಂಗ್ ಇವನ್ನು ಸಂಸ್ಥೆಯೇ ಕಾರಣಗಳಾಗಿ ಹೇಳಿತು. ತಪ್ಪು ಮಾಡದ ಆಟಗಾರರೂ ಅಂದು ಕೆಲಸ ಕಳೆದುಕೊಂಡರು.

322 ಡಾಲರ್ ಮತ್ತು ಬಣ್ಣದ ಬಂದೂಕುಗಳು

ಇನ್ನು ನಮ್ಮ ಹುಡುಗರು ಕೂಗಿದ ಸಂಖ್ಯೆಗೆ ಬರೋಣ. 2013ರ ಜೂನ್‌ನಲ್ಲಿ "ಡೋಟಾ 2" ಆಟದ ರಷ್ಯನ್ ಆಟಗಾರ ಅಲೆಕ್ಸೇ ಬೆರೆಜಿನ್, "ಸೋಲೋ" ಎಂಬ ಹೆಸರಿನವನು, ತನ್ನದೇ ತಂಡದ ವಿರುದ್ಧ 100 ಡಾಲರ್ ಬಾಜಿ ಕಟ್ಟಿ ಸೋತ. ಗೆದ್ದ ಬಾಜಿಯಿಂದ ಕೈಸೇರಿದ್ದು 322 ಡಾಲರ್. ಸ್ಟಾರ್‌ಲ್ಯಾಡರ್ ಎಂಬ ಪಂದ್ಯಾವಳಿಯ ಸಂಘಟಕರು ಮೊದಲು ಆಜೀವ ನಿಷೇಧ ವಿಧಿಸಿದರು, ನಂತರ ಅದನ್ನು ಒಂದು ವರ್ಷಕ್ಕೆ ಇಳಿಸಿದರು. ಅವನು ಮರಳಿ ಬಂದ. ಮುಂದೆ ವರ್ಟಸ್ ಪ್ರೋ ತಂಡದ ನಾಯಕನಾಗಿ ಹಲವು ಮೇಜರ್ ಪಂದ್ಯಾವಳಿಗಳನ್ನು ಗೆದ್ದ. ಆದರೆ ಆ ಸಂಖ್ಯೆ ಇಂದಿಗೂ ಜಗತ್ತಿನ ಎಲ್ಲ ಭಾಷೆಗಳ ಹುಡುಗರ ಬಾಯಲ್ಲಿದೆ.

ಮರುವರ್ಷ ಅಮೆರಿಕದಲ್ಲಿ ಬೇರೊಂದು ಪ್ರಕರಣ. "ಕೌಂಟರ್-ಸ್ಟ್ರೈಕ್" ಆಟದಲ್ಲಿ ಬಂದೂಕುಗಳಿಗೆ ತೊಡಿಸುವ ಬಣ್ಣದ ಹೊದಿಕೆಗಳಿಗೆ "ಸ್ಕಿನ್" ಎನ್ನುತ್ತಾರೆ. ಅವು ಆಟದೊಳಗಿನ ಅಲಂಕಾರವಷ್ಟೇ. ಆದರೆ ಅವನ್ನು ಕೊಳ್ಳಬಹುದು, ಮಾರಬಹುದು, ಪಣಕ್ಕೂ ಇಡಬಹುದು. 2014ರ ಆಗಸ್ಟ್‌ನಲ್ಲಿ ಅಮೆರಿಕದ ಅಗ್ರ ತಂಡಗಳಲ್ಲೊಂದಾದ "ಐಬೈಪವರ್" ತನಗಿಂತ ದುರ್ಬಲವಾದ ತಂಡದೆದುರು 16-4ರಿಂದ ಸೋತಿತು. 2015ರ ಜನವರಿಯಲ್ಲಿ ಪತ್ರಕರ್ತ ರಿಚರ್ಡ್ ಲೂಯಿಸ್ ಸಾಕ್ಷ್ಯ ಸಹಿತ ವರದಿ ಪ್ರಕಟಿಸಿದರು. ಆಟದ ಒಡೆತನ ಹೊಂದಿದ ವಾಲ್ವ್ ಸಂಸ್ಥೆ ಬಾಜಿಯ ಸ್ಕಿನ್‌ಗಳು ಯಾರಿಂದ ಯಾರಿಗೆ ಹೋದವೆಂದು ತನ್ನದೇ ದಾಖಲೆಗಳಲ್ಲಿ ಹುಡುಕಿ, ಏಳು ಮಂದಿಯನ್ನು ತನ್ನ ಪ್ರಾಯೋಜಿತ ಪಂದ್ಯಾವಳಿಗಳಿಂದ ನಿಷೇಧಿಸಿತು. ಒಂದು ವರ್ಷದ ನಂತರ ಆ ನಿಷೇಧ ಶಾಶ್ವತವೆಂದು ಸಾರಿತು. ಆ ತಂಡದ ಐವರಲ್ಲಿ ನಾಲ್ವರು ಹೀಗೆ ಹೊರಬಿದ್ದರು. ಪಾಲು ಪಡೆಯದ ಐದನೆಯವನು ನಿಷೇಧದಿಂದ ಪಾರಾಗಿ, 2018ರ ಜನವರಿಯಲ್ಲಿ ಬಾಸ್ಟನ್ನಿನಲ್ಲಿ ಮೇಜರ್ ಪ್ರಶಸ್ತಿ ಗೆದ್ದ ಕ್ಲೌಡ್9 ತಂಡದಲ್ಲಿದ್ದ. ಅವನ ಹಳೆಯ ಸಂಗಾತಿಗಳಿಗೆ ಆ ವೇದಿಕೆ ಹತ್ತುವ ಹಕ್ಕಿರಲಿಲ್ಲ.

ಒಬ್ಬನಿಗೆ ಒಂದು ವರ್ಷ, ಇನ್ನೊಬ್ಬನಿಗೆ ಜೀವನಪರ್ಯಂತ. ಅಪರಾಧದ ತೂಕಕ್ಕಿಂತ ಯಾವ ಆಟ, ಯಾರ ಒಡೆತನ ಎಂಬುದೇ ಶಿಕ್ಷೆಯನ್ನು ನಿರ್ಧರಿಸುತ್ತಿತ್ತು. ಈ ಅವ್ಯವಸ್ಥೆಯ ನಡುವೆ 2016ರಲ್ಲಿ ಇಎಸ್ಐಸಿ ಎಂಬ ಸಂಸ್ಥೆ ಹುಟ್ಟಿತು. ಅದರ ಆಯುಕ್ತ ಇಯಾನ್ ಸ್ಮಿತ್ ಮೊದಲು ಕ್ರಿಕೆಟ್ ಆಟಗಾರರ ಸಂಘಟನೆಗಳಲ್ಲಿ ಕಾನೂನು ವ್ಯವಹಾರ ನೋಡುತ್ತಿದ್ದವರು. ಕ್ರಿಕೆಟ್ ಕಲಿತ ಕಹಿಪಾಠ ಹೀಗೆ ಹೊಸ ಆಟಗಳ ನೆರವಿಗೆ ಬಂತು. ಬೆಟ್ಟಿಂಗ್ ಕಂಪನಿಗಳಿಂದ ಸಂಶಯಾಸ್ಪದ ಬಾಜಿಗಳ ಮಾಹಿತಿ ಪಡೆಯುವುದು, ಲಿಖಿತ ಸಂಹಿತೆ, ಅಪರಾಧಕ್ಕೆ ತಕ್ಕ ಅವಧಿಯ ನಿಷೇಧ ಇವು ಅದರ ವಿಧಾನ. 2020ರ ಸೆಪ್ಟೆಂಬರಿನಲ್ಲಿ ಆಟದ ದೋಷವೊಂದನ್ನು ದುರುಪಯೋಗಪಡಿಸಿಕೊಂಡ 37 ತರಬೇತುದಾರರನ್ನು ಅದು ಶಿಕ್ಷಿಸಿದಾಗ, ತಪ್ಪೊಪ್ಪಿಕೊಂಡವರಿಗೆ ಅವಧಿ ಕಡಿತಗೊಳಿಸಿತು.

ನಮ್ಮ ವಿಕ್ಟೋರಿಯದಲ್ಲೇ

ಇದೆಲ್ಲ ದೂರದೇಶದ ಸುದ್ದಿಯೆಂದು ಮೆಲ್ಬರ್ನಿನಲ್ಲಿರುವ ನಾವು ಸುಮ್ಮನಿರುವಂತಿಲ್ಲ. 2019ರ ಆಗಸ್ಟ್‌ನಲ್ಲಿ ವಿಕ್ಟೋರಿಯ ಪೊಲೀಸರು ಕೌಂಟರ್-ಸ್ಟ್ರೈಕ್ ಪಂದ್ಯಗಳ ಫಿಕ್ಸಿಂಗ್ ಆರೋಪದಲ್ಲಿ ಆರು ಯುವಕರನ್ನು ಬಂಧಿಸಿದರು. ಆಸ್ಟ್ರೇಲಿಯಾದಲ್ಲಿ ಇ-ಸ್ಪೋರ್ಟ್ಸ್ ಸಂಬಂಧದ ಇಂಥ ಮೊದಲ ಪೊಲೀಸ್ ಕಾರ್ಯಾಚರಣೆ ಅದು. ಎಲ್ಲರೂ 19ರಿಂದ 22ರ ವಯಸ್ಸಿನವರು. ವಿಕ್ಟೋರಿಯ 2013ರಲ್ಲೇ ಬೆಟ್ಟಿಂಗ್ ಫಲಿತಾಂಶವನ್ನು ಭ್ರಷ್ಟಗೊಳಿಸುವ ಕೃತ್ಯವನ್ನು ಪ್ರತ್ಯೇಕ ಅಪರಾಧವೆಂದು ಕಾನೂನು ಮಾಡಿತ್ತು. ಗರಿಷ್ಠ ಶಿಕ್ಷೆ 10 ವರ್ಷಗಳ ಸೆರೆವಾಸ. 2020ರ ಅಕ್ಟೋಬರಿನಲ್ಲಿ ಇಎಸ್ಐಸಿ ಏಳು ಆಸ್ಟ್ರೇಲಿಯನ್ ಆಟಗಾರರನ್ನು, 2021ರ ಜನವರಿಯಲ್ಲಿ ಮತ್ತೆ 35 ಮಂದಿಯನ್ನು ಬೆಟ್ಟಿಂಗ್ ಅಪರಾಧಗಳಿಗಾಗಿ ನಿಷೇಧಿಸಿತು. ಅವಧಿ 12 ತಿಂಗಳಿಂದ 60 ತಿಂಗಳವರೆಗೆ. ಇವರಲ್ಲಿ ಬಹುಪಾಲು ಜನ ಈ ಆಟದಿಂದ ಜೀವನ ಸಾಗಿಸುವವರಲ್ಲ. ಓದುತ್ತಾ, ಸಣ್ಣಪುಟ್ಟ ಕೆಲಸ ಮಾಡುತ್ತಾ ಲೀಗ್ ಆಡುವ ನಮ್ಮ ನಿಮ್ಮ ಮನೆಯ ಮಕ್ಕಳಂಥವರು.

ಕಾನೂನಿನ ವಿಷಯದಲ್ಲಿ ನಮ್ಮ ತವರಿನ ಅನುಭವ ಬೇರೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್ ಪಂದ್ಯಗಳ ಬಗ್ಗೆ ಬೆಂಗಳೂರಿನ ಸಿಸಿಬಿ ಪೊಲೀಸರು ತನಿಖೆ ನಡೆಸಿ ಕೆಲವು ಆಟಗಾರರನ್ನೂ ತಂಡವೊಂದರ ಮಾಲೀಕನನ್ನೂ ಬಂಧಿಸಿದ್ದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಪ್ರಕರಣಗಳನ್ನು ರದ್ದುಪಡಿಸಿತು. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 420ನೇ ಕಲಮಿನ ಪ್ರಕಾರ ವಂಚನೆಯೆನಿಸಬೇಕಾದರೆ ಮೋಸದಿಂದ ಪ್ರೇರಿತನಾಗಿ ಒಬ್ಬನು ಸ್ವತ್ತನ್ನು ಒಪ್ಪಿಸಬೇಕಿತ್ತು. ಪ್ರೇಕ್ಷಕರು ಸ್ವಇಚ್ಛೆಯಿಂದ ಟಿಕೆಟ್ ಕೊಂಡವರು. ಆದ್ದರಿಂದ ಮ್ಯಾಚ್ ಫಿಕ್ಸಿಂಗ್ ಆ ಕಲಮಿನ ವ್ಯಾಪ್ತಿಗೆ ಬಾರದು, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಸೇರಿದ್ದು ಎಂಬುದು ತೀರ್ಪಿನ ಸಾರಾಂಶ. ಒಂದೇ ಕೃತ್ಯ ಮೆಲ್ಬರ್ನಿನಲ್ಲಿ ಸೆರೆಮನೆಗೆ ದಾರಿ, ಬೆಂಗಳೂರಿನಲ್ಲಿ ಸಂಸ್ಥೆಯ ಒಳಗಿನ ಶಿಸ್ತಿನ ವಿಷಯ. ಎರಡೂ ಊರುಗಳ ನಡುವೆ ಓಡಾಡುವ ನಮ್ಮ ಮಕ್ಕಳಿಗೆ ಈ ವ್ಯತ್ಯಾಸ ತಿಳಿದಿರಬೇಕು.

ಶಿಸ್ತುಕ್ರಮ ಯಾತಕ್ಕಾಗಿ

ವೈದ್ಯವೃತ್ತಿಗೂ ಶಿಸ್ತುಮಂಡಳಿಗಳಿವೆ. ನೋಂದಣಿಯಿಂದ ಹೆಸರು ತೆಗೆದುಹಾಕುವ ಅಧಿಕಾರ ಅವಕ್ಕಿದೆ. ಆದರೆ ಅಲ್ಲಿ ನಮಗೆ ಕಲಿಸುವ ಮೊದಲ ತತ್ತ್ವ, ಶಿಸ್ತುಕ್ರಮದ ಗುರಿ ಸೇಡಲ್ಲ, ಸಾರ್ವಜನಿಕರ ರಕ್ಷಣೆ ಎಂಬುದು. ಆರೋಪಿಗೆ ತನ್ನ ಮಾತು ಹೇಳುವ ಅವಕಾಶ, ಕಾರಣ ಸಹಿತ ತೀರ್ಪು, ಮೇಲ್ಮನವಿ, ಬದಲಾದವನಿಗೆ ಮರಳುವ ದಾರಿ ಇವೆಲ್ಲ ಆ ತತ್ತ್ವದಿಂದ ಹುಟ್ಟಿದವು. ಈ ಅಳತೆಗೋಲು ಹಿಡಿದು ನೋಡಿದರೆ ಆಟದ ಒಡೆಯನೇ ದೂರುದಾರ, ತನಿಖಾಧಿಕಾರಿ ಮತ್ತು ನ್ಯಾಯಾಧೀಶನಾಗುವ ವ್ಯವಸ್ಥೆ ನಮಗೆ ಒಪ್ಪಿಗೆಯಾಗುವುದಿಲ್ಲ. ಹದಿನೆಂಟರ ಹುಡುಗನ ತಪ್ಪಿಗೆ ಆಜೀವ ನಿಷೇಧವೂ ಅತಿಯೆನಿಸುತ್ತದೆ.

ಆದರೆ ಇನ್ನೊಂದು ಮುಖವೂ ಇದೆ. ಕೊರಿಯಾದಲ್ಲಿ 2010ರ ಕಠಿಣ ಶಿಕ್ಷೆಯನ್ನು ಕಂಡೂ 2015ರಲ್ಲಿ ಅದೇ ತಪ್ಪು ಮರುಕಳಿಸಿತು. ಶಿಕ್ಷೆಯ ಪ್ರಮಾಣ ಹೆಚ್ಚಿಸಿದ ಮಾತ್ರಕ್ಕೆ ರೋಗ ನಿಲ್ಲಲಿಲ್ಲ. ರೋಗ ತಡೆಯುವುದು ಬೇಗನೆ ಪತ್ತೆಹಚ್ಚುವ ವ್ಯವಸ್ಥೆಯಿಂದ, ಮತ್ತು ಆಮಿಷ ಬಂದ ಮೊದಲ ಗಳಿಗೆಯಲ್ಲೇ ಆಟಗಾರ ಹೋಗಿ ಹೇಳಿಕೊಳ್ಳಲು ಒಬ್ಬ ಹಿರಿಯನಿರುವುದರಿಂದ.

ಕೊನೆಯ ಮಾತಿನ ಕಾರಣ

ರಾಜ್ಯೋತ್ಸವದ ಎರಡು ವಾರಗಳ ನಂತರ ಆ ಹುಡುಗರಲ್ಲೊಬ್ಬ ನಮಗೆ ಫೋನ್ ಮಾಡಿದ. ಅವನೂ ಒಂದು ಸಣ್ಣ ಲೀಗ್‌ನಲ್ಲಿ ಆಡುತ್ತಾನೆ. ಅಪರಿಚಿತನೊಬ್ಬ ಸಂದೇಶ ಕಳಿಸಿದ್ದ: ಮುಂದಿನ ಪಂದ್ಯದ ಮೊದಲ ಸುತ್ತನ್ನು ಬಿಟ್ಟುಕೊಟ್ಟರೆ ಇಷ್ಟು ಹಣ. ಹುಡುಗ ಉತ್ತರ ಕೊಟ್ಟಿರಲಿಲ್ಲ, ಅಳಿಸಿಯೂ ಇರಲಿಲ್ಲ. "ಅಪ್ಪಂಗೆ ಹೇಳ್ಬೇಡಿ ಅಂಕಲ್, ಆಡೋದನ್ನೇ ನಿಲ್ಲಿಸಿಬಿಡ್ತಾರೆ" ಎಂದ.

ಅವನ ಹೆದರಿಕೆ ಸಂದೇಶ ಕಳಿಸಿದವನದಾಗಿರಲಿಲ್ಲ, ಮನೆಯದಾಗಿತ್ತು. ಇದು ನಮ್ಮನ್ನು ಬಹಳ ಹೊತ್ತು ಕಾಡಿತು. ಅವನೇ ತಂದೆತಾಯಿಗೆ ಹೇಳಬೇಕೆಂದೂ, ಬೇಕಿದ್ದರೆ ನಾವು ಪಕ್ಕದಲ್ಲಿ ಕೂರುತ್ತೇವೆಂದೂ ತಿಳಿಸಿದೆವು. ಇಎಸ್ಐಸಿ ಸಂಹಿತೆಯಂಥ ನಿಯಮಗಳಲ್ಲಿ ಆಮಿಷ ಬಂದುದನ್ನು ತಿಳಿಸದಿರುವುದೂ ಅಪರಾಧವೆಂದು ವಿವರಿಸಿದೆವು. ಒಂದು ಭಾನುವಾರ ಅವರ ಮನೆಯಲ್ಲಿ ಕಾಫಿ ಆರುವವರೆಗೂ ಯಾರೂ ಮಾತಾಡಲಿಲ್ಲ. ಆಮೇಲೆ ತಂದೆ ಕೇಳಿದ್ದು ಒಂದೇ ಪ್ರಶ್ನೆ: "ಮೊದಲೇ ಯಾಕೋ ಹೇಳಲಿಲ್ಲ?" ಅಂದೇ ಸಂಜೆ ಮೂವರೂ ಕೂಡಿ ಸಂಘಟಕರಿಗೆ ದೂರು ಬರೆದರು. ಹುಡುಗ ಇಂದಿಗೂ ಆಡುತ್ತಿದ್ದಾನೆ. ಅವನ ಮತ್ತು ಅವನ ತಂದೆತಾಯಿಯ ಒಪ್ಪಿಗೆ ಪಡೆದೇ, ಗುರುತು ಮರೆಸಿ, ಇದನ್ನು ಬರೆದಿದ್ದೇವೆ.

ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮಕ್ಕಳು ಆಡುವ ಆಟದ ಹೆಸರೇನು, ಯಾವ ಲೀಗ್, ತಂಡದಲ್ಲಿ ಯಾರಿದ್ದಾರೆ ಎಂದು ಕೇಳಿ ತಿಳಿಯಿರಿ. ಸ್ಕಿನ್‌ಗಳನ್ನು ಪಣಕ್ಕಿಡುವುದೂ ಜೂಜೇ ಎಂದು ತಿಳಿಹೇಳಿ. ಆಮಿಷದ ಸಂದೇಶ ಬಂದರೆ ಅಳಿಸದೆ ಉಳಿಸಿ, ಉತ್ತರಿಸದೆ, ಸಂಘಟಕರಿಗೆ ತಿಳಿಸಲು ಹೇಳಿ. ಎಲ್ಲಕ್ಕಿಂತ ಮೊದಲು, ಬಂದು ಹೇಳಿದರೆ ಆಟ ನಿಲ್ಲಿಸುವುದಿಲ್ಲವೆಂಬ ಭರವಸೆ ಕೊಡಿ. ಕೊರಿಯಾದ ವಸತಿಗೃಹಗಳಲ್ಲಿದ್ದ ಆ ಹುಡುಗರ ಮನೆಗಳು ದೂರವಿದ್ದವು. ನಮ್ಮ ಮಕ್ಕಳು ಪಕ್ಕದ ಕೋಣೆಯಲ್ಲೇ ಇದ್ದಾರೆ.